ವಲಸೆ, ಸ್ಥಳಾಂತರದ ಸಂಶೋಧನೆಯನ್ನೇ ವೃತ್ತಿ ಮಾಡಿಕೊಳ್ಳುವುದು ಹೇಗೆ? ರಾಯಚೂರು, ಕೊಪ್ಪಳ, ಬಳ್ಳಾರಿ ವಿದ್ಯಾರ್ಥಿಗಳಿಗೆ ಹಂತ ಹಂತದ ದಾರಿ

ಈ ಮೂರು ಜಿಲ್ಲೆಗಳ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವುದು ಒಂದೇ ಮಾತು: "ಗುಳೆ ಹೋಗೋರ ಬಗ್ಗೆ, ನಿರಾಶ್ರಿತರ ಬಗ್ಗೆ ಸಂಶೋಧನೆ ಮಾಡಬೇಕು ಅಂತ ಆಸೆ. ಯಾವ ಕೋರ್ಸ್ ಸೇರಬೇಕು? ಇಂಗ್ಲಿಷ್ ಅಷ್ಟಕ್ಕಷ್ಟೇ, ನಡೀತದಾ? ಮುಂದ ಕೆಲಸ ಎಲ್ಲಿ?" ಮೂರಕ್ಕೂ ಇಲ್ಲಿ ಉತ್ತರವಿದೆ. ಎಂ.ಎ. ಓದುತ್ತಿರುವವರು ಅಥವಾ ಈಗಷ್ಟೇ ಮುಗಿಸಿದವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇವೆ. ಪದವಿಯ ಕೊನೆಯ ವರ್ಷದಲ್ಲಿರುವವರು ಮೊದಲ ನಾಲ್ಕು ಹಂತಗಳನ್ನು ಈಗಲೇ ಶುರು ಮಾಡಬಹುದು.

ಹಂತ 1: ಮೊದಲು ಪ್ರಶ್ನೆ, ಆಮೇಲೆ ಕೋರ್ಸು

"ನನ್ನ ವಿಷಯ ವಲಸೆ" ಎಂದಷ್ಟೇ ಹೇಳಿದರೆ ಯಾವ ಮಾರ್ಗದರ್ಶಕರಿಗೂ ನಿಮಗೆ ನೆರವಾಗಲು ದಾರಿ ಸಿಗುವುದಿಲ್ಲ. ಯಾರ ವಲಸೆ, ಯಾವ ಕಾರಣದ್ದು, ಯಾವ ಕಾಲದ್ದು ಎಂದು ಬಿಡಿಸಿ ಹೇಳಬೇಕು. ಇದಕ್ಕಾಗಿ ದೂರ ಹೋಗಬೇಕಿಲ್ಲ. ಈ ಶಾಸ್ತ್ರ ಅಧ್ಯಯನ ಮಾಡುವ ಹೆಚ್ಚುಕಡಿಮೆ ಎಲ್ಲ ಬಗೆಯ ಸ್ಥಳಾಂತರವೂ ನಿಮ್ಮ ಜಿಲ್ಲೆಗಳಲ್ಲೇ ಇದೆ.

ಮೊದಲನೆಯದು ಗುಳೆ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಗೋವಾ, ಪುಣೆ, ಹೈದರಾಬಾದಿಗೆ ವರ್ಷದ ಕೆಲವು ತಿಂಗಳು ಹೋಗಿ ಬರುವುದು. ಎರಡನೆಯದು ಯೋಜನೆಗಳಿಂದಾದ ಸ್ಥಳಾಂತರ. 1945ರಲ್ಲಿ ಕೆಲಸ ಶುರುವಾದ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು. ಕುಡತಿನಿ ಸುತ್ತ ಕೈಗಾರಿಕೆಗಾಗಿ ನಡೆದ ಭೂಸ್ವಾಧೀನ ನಮ್ಮ ಕಾಲದ್ದೇ. ಮೂರನೆಯದು ನೆರೆ: 2009ರ ಅಕ್ಟೋಬರಿನಲ್ಲಿ ಕೃಷ್ಣೆ, ತುಂಗಭದ್ರೆಯರ ನೆರೆಗೆ ಸಿಕ್ಕ ಹಳ್ಳಿಗಳಿಗೆ "ಆಸರೆ" ಯೋಜನೆಯಡಿ ಬೇರೆಡೆ ಮನೆ ಕಟ್ಟಿಕೊಡಲಾಯಿತು. ಅಲ್ಲಿಗೆ ಯಾರು ಹೋದರು, ಯಾರು ಹಳೆಯ ಊರಿನಲ್ಲೇ ಉಳಿದರು, ಯಾಕೆ ಎಂಬುದು ಇವತ್ತಿಗೂ ಕೇಳಬೇಕಾದ ಪ್ರಶ್ನೆ. ನಾಲ್ಕನೆಯದು ಗಡಿ ದಾಟಿ ಬಂದವರು: ಆಗಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ನೆಲೆಸಿರುವ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳು, ಅಂದರೆ ಪುನರ್ವಸತಿ ಶಿಬಿರಗಳು. ಇವಲ್ಲದೆ ಕಾಲುವೆ ನೀರಿನ ಹಿಂದೆ ಬಂದ ಆಂಧ್ರದ ರೈತರ ಕ್ಯಾಂಪುಗಳಿವೆ, ತೋರಣಗಲ್ಲಿನ ಉಕ್ಕಿನ ಕೆಲಸಕ್ಕೆ ಹೊರರಾಜ್ಯದಿಂದ ಬಂದವರಿದ್ದಾರೆ.

ಇವುಗಳಲ್ಲಿ ಒಂದನ್ನು ಮಾತ್ರ ಆಯ್ದುಕೊಳ್ಳಿ, ಯಾಕೆಂದರೆ ಒಂದೊಂದಕ್ಕೂ ಬೇರೆ ಬೇರೆ ಓದು, ಬೇರೆ ಬೇರೆ ಕಾನೂನು. ನಾಲ್ಕು ಪದಗಳನ್ನು ಬೇರ್ಪಡಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ:

- ವಲಸಿಗ: ಕೆಲಸ, ಓದು, ಮದುವೆ ಇತ್ಯಾದಿ ಕಾರಣಕ್ಕೆ ಊರು ಬಿಟ್ಟವರು.
- ಆಂತರಿಕ ಸ್ಥಳಾಂತರಿತ: ಯುದ್ಧ, ಗಲಭೆ, ನೆರೆ, ಯೋಜನೆಗಳಿಂದಾಗಿ ಮನೆ ಬಿಡಬೇಕಾಗಿ ಬಂದರೂ ದೇಶದ ಗಡಿ ದಾಟದವರು. ಇವರ ಬಗ್ಗೆ ವಿಶ್ವಸಂಸ್ಥೆಯ 1998ರ ಮಾರ್ಗದರ್ಶಿ ತತ್ವಗಳಿವೆ. ಅವು ಒಪ್ಪಂದವಲ್ಲ, ಹಾಗಾಗಿ ದೇಶಗಳ ಮೇಲೆ ಕಡ್ಡಾಯವಿಲ್ಲ.
- ನಿರಾಶ್ರಿತ: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ಕಿರುಕುಳದ ಭಯದಿಂದ ದೇಶ ಬಿಟ್ಟವರು. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಪ್ಪಂದ ಮತ್ತು 1967ರ ಪೂರಕ ಒಪ್ಪಂದದ ವ್ಯಾಖ್ಯೆಯಿದು. ಭಾರತ ಎರಡಕ್ಕೂ ಸಹಿ ಹಾಕಿಲ್ಲ.
- ದೇಶರಹಿತ: ಯಾವ ದೇಶವೂ ತನ್ನ ಪ್ರಜೆಯೆಂದು ಒಪ್ಪದ ವ್ಯಕ್ತಿ.

ಪ್ರಬಂಧದಲ್ಲಿ ಗುಳೆ ಹೋದವರನ್ನು "ನಿರಾಶ್ರಿತರು" ಎಂದು ಬರೆದಿರುವುದು ಆಗಾಗ ಕಾಣಸಿಗುತ್ತದೆ. ಮಾತಿನಲ್ಲಿ ಇದು ನಡೆದೀತು, ಸಂಶೋಧನೆಯಲ್ಲಿ ನಡೆಯದು. ಪರೀಕ್ಷಕರು ಮೊದಲು ಹಿಡಿಯುವ ತಪ್ಪೇ ಇದು.

ಹಂತ 2: ಪ್ರಶ್ನೆಗೆ ತಕ್ಕ ವಿಷಯ ಮತ್ತು ಸಂಸ್ಥೆ

ವಲಸೆ ಅಧ್ಯಯನವೆಂಬ ಹೆಸರಿನ ಎಂ.ಎ. ಹುಡುಕುತ್ತಾ ವರ್ಷ ಕಳೆಯಬೇಡಿ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಸಮಾಜಕಾರ್ಯ, ರಾಜ್ಯಶಾಸ್ತ್ರ, ಕಾನೂನು, ಸಂಖ್ಯಾಶಾಸ್ತ್ರ ಇವುಗಳಲ್ಲಿ ಯಾವುದರಿಂದ ಬೇಕಾದರೂ ಈ ಕ್ಷೇತ್ರಕ್ಕೆ ಬರಬಹುದು. ಆಮೇಲೆ ಸಂಸ್ಥೆಯ ಮಾತು. ಅಂಕಿ-ಅಂಶದ ದಾರಿ ಹಿಡಿಯುವವರಿಗೆ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಮತ್ತು ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ ಒಳ್ಳೆಯವು. 1998ರಲ್ಲಿ ಶುರುವಾದ ಕೇರಳ ವಲಸೆ ಸಮೀಕ್ಷೆ ಬೆಳೆದದ್ದು ಈ ಎರಡನೆಯ ಕೇಂದ್ರದಲ್ಲೇ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಅಂದರೆ ಐಸೆಕ್ ಪಿಎಚ್.ಡಿ.ಗೆ ಸೂಕ್ತ. ಬಲವಂತದ ಸ್ಥಳಾಂತರದ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿರುವ ಕಲ್ಕತ್ತಾ ರಿಸರ್ಚ್ ಗ್ರೂಪ್ ಕಾರ್ಯಾಗಾರಗಳನ್ನು ನಡೆಸುತ್ತದೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೂ, ಕಲಬುರಗಿ ಬಳಿಯ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಪಟ್ಟಿಯಲ್ಲಿರಲಿ. ಕನ್ನಡದಲ್ಲೇ ಪಿಎಚ್.ಡಿ. ಬರೆಯುವ ಆಸೆಯಿದ್ದವರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ಮನೆ ಬಾಗಿಲಲ್ಲೇ ಇದೆ.

ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರ ಕೆಲಸ ಮುಖ್ಯ. ಅವರು ಇತ್ತೀಚೆಗೆ ಪ್ರಕಟಿಸಿದ ಲೇಖನಗಳನ್ನೂ, ಅವರಡಿ ಪಿಎಚ್.ಡಿ. ಮುಗಿಸಿದವರ ಪ್ರಬಂಧಗಳನ್ನೂ ಓದಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ವಿಷಯದ ಮೇಲೆ ಈಗಾಗಲೇ ಯಾರಾದರೂ ಬರೆದಿದ್ದಾರೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ.

ಹಂತ 3: ಅಂಕಿಗಳು ಯಾರನ್ನು ಎಣಿಸಿವೆ, ಯಾರನ್ನು ಬಿಟ್ಟಿವೆ ಎಂದು ಕಲಿಯಿರಿ

ನಮ್ಮ ಭಾಗದ ವಿದ್ಯಾರ್ಥಿಗಳು ಬೇಗ ಹಾಯ್ದುಹೋಗುವ ಹಂತವಿದು. ನಿಮ್ಮ ಹಳ್ಳಿಯ ಅನುಭವ ಶಾಸ್ತ್ರವಾಗುವುದೂ ಇಲ್ಲೇ. ಹಾಗಾಗಿ ಕೊಂಚ ನಿಧಾನವಾಗಿ ಓದಿ.

ಮುಖ್ಯ ಆಕರಗಳು ನಾಲ್ಕು: 2011ರ ಜನಗಣತಿಯ ವಲಸೆ ಕೋಷ್ಟಕಗಳು (ಡಿ-ಸರಣಿ), ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೇ ಸುತ್ತು (2007-08), 2020-21ರ ಕಾರ್ಮಿಕ ಬಲ ಸಮೀಕ್ಷೆ, ಅದೇ ಹೊತ್ತಿನ ಮಾದರಿ ಸಮೀಕ್ಷೆಯ 78ನೇ ಸುತ್ತು. ಸಮೀಕ್ಷೆಗಳ ಕಚ್ಚಾ ದತ್ತಾಂಶವನ್ನು, ಅಂದರೆ ಹೆಸರು ತೆಗೆದ ಕುಟುಂಬವಾರು ಮಾಹಿತಿಯನ್ನು, ಕೇಂದ್ರ ಅಂಕಿ-ಅಂಶ ಸಚಿವಾಲಯದ ತಾಣದಲ್ಲಿ ನೋಂದಾಯಿಸಿಕೊಂಡು ಇಳಿಸಿಕೊಳ್ಳಬಹುದು. ವಿಶ್ಲೇಷಣೆಗೆ "ಆರ್" ಎಂಬ ತಂತ್ರಾಂಶ ಸಾಕು, ಅದಕ್ಕೆ ದುಡ್ಡಿಲ್ಲ.

ಈಗ ವ್ಯಾಖ್ಯೆಗಳನ್ನು ನೋಡಿ. 64ನೇ ಸುತ್ತಿನ ಪ್ರಕಾರ, ಹಿಂದಿನ 365 ದಿನಗಳಲ್ಲಿ ಕೆಲಸಕ್ಕಾಗಿ ಒಂದು ತಿಂಗಳಿಗೆ ಕಡಿಮೆಯಿಲ್ಲದಂತೆ, ಆರು ತಿಂಗಳಿಗೆ ಒಳಗೆ ಊರಿನಿಂದ ಹೊರಗಿದ್ದವರು ಅಲ್ಪಾವಧಿ ವಲಸಿಗರು. ಅದಕ್ಕೂ ಹಿಂದೆ, 1999-2000ರ 55ನೇ ಸುತ್ತಿನಲ್ಲಿ ಕನಿಷ್ಠ ಅವಧಿ 60 ದಿನವಿತ್ತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು "ಗುಳೆ ಹೆಚ್ಚಾಗಿದೆ" ಎಂದು ಬರೆದರೆ ಅಳತೆಗೋಲು ಬದಲಾದದ್ದನ್ನೇ ಬೆಳವಣಿಗೆ ಎಂದು ಹೇಳಿದಂತಾಗುತ್ತದೆ.

ದೇವದುರ್ಗದ ಒಂದು ತಾಂಡಾದ ಕುಟುಂಬವನ್ನು ಊಹಿಸಿಕೊಳ್ಳಿ. ಗಂಡ, ಹೆಂಡತಿ, ಸಣ್ಣ ಮಗು ದೀಪಾವಳಿ ಮುಗಿಸಿ ಬೆಂಗಳೂರಿಗೆ ಹೋದರು, ಯುಗಾದಿಗೆ ಹತ್ತು ದಿನ ಬಂದರು, ಮತ್ತೆ ಹೋಗಿ ಜೂನ್‌ನಲ್ಲಿ ಬಿತ್ತನೆಗೆ ಮರಳಿದರು. ಒಟ್ಟು ಸೇರಿಸಿದರೆ ಆರು ತಿಂಗಳು ದಾಟುತ್ತದೆ, ಅಲ್ಪಾವಧಿಯ ವ್ಯಾಖ್ಯೆಗೆ ಕೂಡುವುದಿಲ್ಲ. ಮನೆಗೆ ಕೀಲಿ ಬಿದ್ದಿರುವುದರಿಂದ ಸಮೀಕ್ಷಕರಿಗೆ ಊರಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಶೆಡ್ಡು ಯಾವ ಮನೆಪಟ್ಟಿಯಲ್ಲೂ ಇಲ್ಲದಿದ್ದರೆ ಅಲ್ಲೂ ಸಿಗುವುದಿಲ್ಲ. ಹೀಗೆ ಅತಿ ಹೆಚ್ಚು ಕಾಲ ಹೊರಗಿರುವ ಕುಟುಂಬವೇ ಎಣಿಕೆಯಿಂದ ಜಾರಿಹೋಗುತ್ತದೆ. ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ನಮ್ಮ ಕಡೆ ಅದು ಗುಳೆಯ ನಟ್ಟನಡುವಿನ ಕಾಲ. ಅಂಕಿಗಳು ಹೊರಬಂದಾಗ ಈ ಪ್ರಶ್ನೆ ಕೇಳಬಲ್ಲವರು ನೀವೇ.

ಇಲ್ಲಿ ಎಡವುವುದು ಮುಖ್ಯವಾಗಿ ಎರಡು ಕಡೆ.

ಒಂದು, ಜಿಲ್ಲೆಯ ಗಡಿ. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಹಿಂದಿನ ಅಂಕಿಗಳು ರಾಯಚೂರಿನೊಳಗೇ ಇವೆ. 2011ರ "ಬಳ್ಳಾರಿ"ಯಲ್ಲಿ ಹೊಸಪೇಟೆ, ಹಡಗಲಿ, ಕೂಡ್ಲಿಗಿ ಇದ್ದವು, ಹರಪನಹಳ್ಳಿ ದಾವಣಗೆರೆಯಲ್ಲಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಮಸ್ಕಿ, ಸಿರವಾರ, ಕಾರಟಗಿ, ಕನಕಗಿರಿ, ಕುಕನೂರು, ಕುರುಗೋಡು, ಕಂಪ್ಲಿ ತಾಲ್ಲೂಕುಗಳು 2011ರ ಕೋಷ್ಟಕದಲ್ಲಿ ಇಲ್ಲವೇ ಇಲ್ಲ. ಹಳ್ಳಿವಾರು ಪಟ್ಟಿಯಿಂದ ಹಳೆಯ ಗಡಿಯನ್ನು ಕೂಡಿಸಿಕೊಂಡ ಮೇಲಷ್ಟೇ ಹೋಲಿಸಿ.

ಎರಡು, ಮಾದರಿಯ ಗಾತ್ರ. ಈ ಸಮೀಕ್ಷೆಗಳು ರಾಜ್ಯ ಮಟ್ಟದ ಅಂದಾಜಿಗೆ ಸಿದ್ಧವಾದವು. ಕೊಪ್ಪಳದಲ್ಲಿ ಬೆರಳೆಣಿಕೆಯ ಹಳ್ಳಿಗಳಷ್ಟೇ ಆಯ್ಕೆಯಾಗಿರುತ್ತವೆ. ಅವುಗಳಿಂದ "ಕೊಪ್ಪಳದಲ್ಲಿ ಶೇಕಡಾ ಇಷ್ಟು" ಎಂದು ಬರೆಯಬೇಡಿ.

ಸ್ಥಳಾಂತರ ನಿಮ್ಮ ವಿಷಯವಾದರೆ ಸಮಾಜಶಾಸ್ತ್ರಜ್ಞ ಮೈಕೆಲ್ ಸೆರ್ನಿಯಾ ರೂಪಿಸಿದ ಎಂಟು ಅಪಾಯಗಳ ಚೌಕಟ್ಟನ್ನು ಓದಲೇಬೇಕು: ಭೂಮಿ ಕಳೆದುಕೊಳ್ಳುವುದು, ಕೆಲಸ ಹೋಗುವುದು, ಮನೆ ಹೋಗುವುದು, ಸಮಾಜದ ಅಂಚಿಗೆ ಬೀಳುವುದು, ಆಹಾರದ ಅಭದ್ರತೆ, ರೋಗ ಮತ್ತು ಸಾವು ಹೆಚ್ಚುವುದು, ಗೋಮಾಳ-ಕೆರೆಗಳಂಥ ಸಾಮೂಹಿಕ ಆಸ್ತಿ ತಪ್ಪುವುದು, ನೆಂಟತನ-ನೆರೆಹೊರೆಯ ನಂಟು ಹರಿಯುವುದು. ನಮ್ಮಲ್ಲಿ ಪರಿಹಾರದ ಮಾತು ಭೂಮಿ, ಮನೆಗಳಲ್ಲೇ ಮುಗಿಯುತ್ತದೆ. ಉಳಿದ ಆರನ್ನು ಅಳೆದವರು ಕಡಿಮೆ.

ಹಂತ 4: ಕ್ಷೇತ್ರಕಾರ್ಯ

ಕಾಲ ನೋಡಿ ಹೋಗಿ. ಜುಲೈನಿಂದ ದೀಪಾವಳಿಯವರೆಗೆ ಊರಲ್ಲಿ ಜನ ಸಿಗುತ್ತಾರೆ. ಬೇಸಿಗೆಯಲ್ಲಿ ಹೋದರೆ ಮುದುಕರು, ಶಾಲೆ ಮಕ್ಕಳು ಇರುತ್ತಾರೆ. ಮೊಹರಂ ಹಬ್ಬಕ್ಕೆ, ಜಾತ್ರೆಗೆ, ಮತದಾನಕ್ಕೆ ಗುಳೆ ಹೋದವರು ವಾರದ ಮಟ್ಟಿಗೆ ಮರಳುತ್ತಾರೆ. ಮೊಹರಂ ವರ್ಷ ವರ್ಷವೂ ಸುಮಾರು 11 ದಿನ ಹಿಂದೆ ಸರಿಯುವುದರಿಂದ, ಎರಡು ವರ್ಷ ಒಂದೇ ತಿಂಗಳಲ್ಲಿ ಸಮೀಕ್ಷೆ ಮಾಡಿದರೂ ಊರಿನ ತಲೆಯೆಣಿಕೆ ಬೇರೆ ಬರಬಹುದು. ಯಾವ ಹಬ್ಬದ ಆಸುಪಾಸು ಹೋಗಿದ್ದಿರಿ ಎಂಬುದನ್ನು ದಾಖಲಿಸಿ.

ಕೀಲಿ ಹಾಕಿದ ಮನೆ ಕಂಡರೆ ಪಕ್ಕದ ಮನೆಗೆ ಹೋಗಿ ಪಟ್ಟಿ ತುಂಬಿಸಬೇಡಿ. ನೀವು ಯಾರನ್ನು ಅಭ್ಯಾಸ ಮಾಡಲು ಬಂದಿದ್ದೀರೋ ಅವರನ್ನೇ ಕೈಬಿಟ್ಟ ಹಾಗೆ. ಆ ಮನೆಗೆ ಸಂಖ್ಯೆ ಕೊಡಿ, ಎಷ್ಟು ದಿನದಿಂದ ಕೀಲಿಯಿದೆ ಎಂದು ನೆರೆಯವರನ್ನು ಕೇಳಿ ಬರೆದುಕೊಳ್ಳಿ, ಮರಳುವ ಕಾಲಕ್ಕೆ ಮತ್ತೆ ಹೋಗಿ.

"ಕಳೆದ ವರ್ಷ ವಲಸೆ ಹೋಗಿದ್ದಿರಾ?" ಎಂದು ನೇರವಾಗಿ ಕೇಳಿದರೆ ಬಹಳ ಮನೆಗಳಲ್ಲಿ "ಇಲ್ರೀ" ಎಂಬ ಉತ್ತರವೇ ಬರುತ್ತದೆ. ರೇಷನ್ ಕಾರ್ಡಿನಿಂದ ಹೆಸರು ತೆಗೆದಾರು ಎಂಬ ಅಂಜಿಕೆ ಒಂದು ಕಡೆ, ತಿಂಗಳ ಲೆಕ್ಕ ನೆನಪಿರದಿರುವುದು ಇನ್ನೊಂದು ಕಡೆ. ಇದರ ಬದಲು ಒಂದು ಹಾಳೆಯಲ್ಲಿ ಹನ್ನೆರಡು ಚೌಕ ಹಾಕಿ, ಹಬ್ಬ ಹಿಡಿದು ಕೇಳಿ: ನಾಗರಪಂಚಮಿಗೆ ಎಲ್ಲಿದ್ರಿ? ದಸರಾಕ್ಕೆ? ಎಳ್ಳಮಾವಾಸ್ಯೆಗೆ? ಯುಗಾದಿಗೆ? ಕಾರಹುಣ್ಣಿಮೆಗೆ? ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಸಾಲು. ಗಂಡ ಹೇಳಿದ್ದನ್ನು ಹೆಂಡತಿಯ ಸಾಲಿಗೆ ನಕಲು ಮಾಡಬೇಡಿ. ಮಕ್ಕಳ ಸಾಲಿನಲ್ಲಿ ಅಂಗನವಾಡಿ, ಶಾಲೆಯ ಹಾಜರಿಯನ್ನೂ ಗುರುತಿಸಿ. ಒಂದು ಮನೆಗೆ ಮುಕ್ಕಾಲು ಗಂಟೆಯಾದರೂ ಬೇಕು. ದಿನಕ್ಕೆ ಆರೇಳು ಮನೆಗಿಂತ ಹೆಚ್ಚು ಇಟ್ಟುಕೊಂಡರೆ ಕೊನೆಯ ಹಾಳೆಗಳು ಅಂದಾಜಿನಿಂದ ತುಂಬುತ್ತವೆ.

ಕೆಲಸದ ಜಾಗಕ್ಕೂ ಹೋಗಬೇಕು. ಮೇಸ್ತ್ರಿ ಪಕ್ಕದಲ್ಲಿ ನಿಂತಿರುವಾಗ ಕೂಲಿ, ಮುಂಗಡದ ಮಾತು ತೆಗೆಯಬೇಡಿ. ಬಟವಾಡೆಯ ದಿನ ಸಂಜೆ ಸಂತೆಗೆ ಹೋಗುವ ಹೊತ್ತು, ಇಲ್ಲವೇ ರಜೆಯ ದಿನ ಒಳ್ಳೆಯದು. ಹೆಣ್ಣುಮಕ್ಕಳ ಬಳಿ ಹೆಣ್ಣುಮಕ್ಕಳೇ ಮಾತಾಡಲಿ.

ಇನ್ನು ನೀತಿ ನಿಯಮ. ಇದರಲ್ಲಿ ರಾಜಿ ಬೇಡ.

- ಹೆಸರಿರುವ ಪಟ್ಟಿ ಬೇರೆ, ಉತ್ತರವಿರುವ ಹಾಳೆ ಬೇರೆ ಇರಲಿ. ಎರಡನ್ನೂ ಒಂದೇ ಚೀಲದಲ್ಲಿ ಒಯ್ಯಬೇಡಿ.
- ಆಧಾರ್, ರೇಷನ್ ಕಾರ್ಡಿನ ಫೋಟೊ ತೆಗೆಯಬೇಡಿ.
- ಆರ್.ಎಚ್. ಕ್ಯಾಂಪುಗಳಲ್ಲಿ ಯಾರ ಬಳಿ ಯಾವ ದಾಖಲೆಯಿದೆ, ಇಲ್ಲ ಎಂಬುದನ್ನು ಹೆಸರು, ಮನೆ ಗುರುತಾಗುವಂತೆ ಎಲ್ಲೂ ಬರೆಯಬೇಡಿ. ಪೌರತ್ವದ ವಿಷಯದಲ್ಲಿ ನಿಮ್ಮ ನೋಟ್‌ಬುಕ್ಕೇ ಅವರಿಗೆ ತೊಂದರೆ ತರಬಹುದು.
- "ಇದರಿಂದ ಮನೆ ಬರ್ತದೇನ್ರೀ?" ಎಂದು ಕೇಳಿಯೇ ಕೇಳುತ್ತಾರೆ. ಬರುವುದಿಲ್ಲ ಎಂದು ಮೊದಲೇ ಸ್ಪಷ್ಟವಾಗಿ ಹೇಳಿ, ಆಮೇಲೆ ಒಪ್ಪಿಗೆ ಕೇಳಿ.
- ಮುಂಗಡದ ಸಾಲಕ್ಕಾಗಿ ಬಿಟ್ಟು ಹೋಗಲಾಗದೆ ದುಡಿಯುತ್ತಿರುವವರು ಕಂಡರೆ ಅದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯಡಿ ಬರುತ್ತದೆ. ಅಂಥ ಸಂದರ್ಭದಲ್ಲಿ ಯಾರಿಗೆ, ಹೇಗೆ ತಿಳಿಸಬೇಕು ಎಂಬುದನ್ನು ಮಾರ್ಗದರ್ಶಕರೊಂದಿಗೆ ಮೊದಲೇ ತೀರ್ಮಾನಿಸಿಕೊಂಡು ಹೋಗಿ. ಸ್ಥಳದಲ್ಲಿ ಒಬ್ಬರೇ ದುಡುಕಬೇಡಿ.

ಹಂತ 5: ಪಿಎಚ್.ಡಿ. ಪ್ರವೇಶ

ಎಂ.ಎ.ಯಲ್ಲಿ ಶೇಕಡಾ 55 ಬೇಕು. ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಂಗವಿಕಲರಿಗೆ ಶೇಕಡಾ 5ರಷ್ಟು ಸಡಿಲಿಕೆಯಿದೆ. ಯುಜಿಸಿ ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮದಂತೆ ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ. ಎಂ.ಫಿಲ್. ಈಗಿಲ್ಲ, ಅದರ ಹೆಸರಲ್ಲಿ ಯಾರಾದರೂ ಶುಲ್ಕ ಕೇಳಿದರೆ ಕಟ್ಟಬೇಡಿ.

ನೆಟ್ ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಒಟ್ಟು ಮೂರು ಗಂಟೆ, ತಪ್ಪುತ್ತರಕ್ಕೆ ಅಂಕ ಕಡಿತವಿಲ್ಲ. ಅದರಲ್ಲಿ ಹೆಚ್ಚು ಅಂಕ ಪಡೆದವರಿಗೆ ಸಿಗುವ ಜೆ.ಆರ್.ಎಫ್. ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಬಳಿಕ 42,000. ಮನೆಯಿಂದ ದುಡ್ಡು ತರಲಾಗದವರಿಗೆ ಇದೇ ಆಧಾರ, ಹಾಗಾಗಿ ಎಂ.ಎ. ಎರಡನೇ ವರ್ಷದಿಂದಲೇ ಬರೆಯಲು ಶುರು ಮಾಡಿ. ಕೆ-ಸೆಟ್ ಅಂದರೆ ರಾಜ್ಯದ ಅರ್ಹತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಅದು ರಾಜ್ಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಕೂತವರು ಬಹಳ ಮಂದಿ.

ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ. ನಮ್ಮ ಭಾಗದ ರಾಜ್ಯ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡಾ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಸೀಟು ಮೀಸಲು. ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಇದು ಅನ್ವಯಿಸುವುದಿಲ್ಲ.

ಸಂಶೋಧನಾ ಪ್ರಸ್ತಾವನೆಯಲ್ಲಿ ಎಲ್ಲರೂ "ಗುಳೆಗೆ ಕಾರಣಗಳು ಮತ್ತು ಪರಿಣಾಮಗಳು" ಎಂದೇ ಬರೆಯುತ್ತಾರೆ. ಅದು ಪ್ರಶ್ನೆಯಲ್ಲ, ಪಠ್ಯದ ಅಧ್ಯಾಯ. "ಮುಂಗಡ ಪಡೆದು ಹೋದವರಿಗೂ, ಪಡೆಯದೆ ಹೋದವರಿಗೂ ಕೈಗೆ ಸಿಗುವ ದಿನಗೂಲಿಯಲ್ಲಿ ವ್ಯತ್ಯಾಸವೆಷ್ಟು?" ಎಂದರೆ ಅದು ಪ್ರಶ್ನೆ. ಅದಕ್ಕೆ ಯಾರನ್ನು ಕೇಳಬೇಕು, ಏನನ್ನು ಅಳೆಯಬೇಕು ಎಂಬುದು ಅದರೊಳಗೇ ಇದೆ.

ಹಂತ 6: ಇಂಗ್ಲಿಷ್, ಪ್ರಕಟಣೆ

ಇಂಗ್ಲಿಷ್ ಮಾತಾಡಲು ಬಾರದಿದ್ದರೆ ಈ ಕ್ಷೇತ್ರ ಮುಚ್ಚಿಲ್ಲ, ಓದಲು ಬಾರದಿದ್ದರೆ ಕಷ್ಟ. "ಫೋರ್ಸ್ಡ್ ಮೈಗ್ರೇಷನ್ ರಿವ್ಯೂ" ಪತ್ರಿಕೆ ಉಚಿತ, ಲೇಖನಗಳು ಚಿಕ್ಕವು, ಭಾಷೆ ಸರಳ. ವಾರಕ್ಕೆ ಎರಡು ಲೇಖನ ಓದಿ, ಪ್ರತಿಯೊಂದಕ್ಕೂ ಕನ್ನಡದಲ್ಲಿ ಅರ್ಧ ಪುಟದ ಸಾರ ಬರೆಯಿರಿ. ಕನ್ನಡ, ತೆಲುಗು, ಉರ್ದು, ಲಂಬಾಣಿಗಳಲ್ಲಿ ಸಂದರ್ಶನ ಮಾಡಬಲ್ಲ ನಿಮ್ಮ ಶಕ್ತಿಯನ್ನು ಅರ್ಜಿಯಲ್ಲಿ ಬರೆಯಲು ಮರೆಯಬೇಡಿ. ದೊಡ್ಡ ಸಂಸ್ಥೆಗಳ ಯೋಜನೆಗಳಲ್ಲಿ ಈ ಅರ್ಹತೆ ಇರುವವರು ಕಡಿಮೆ.

ದುಡ್ಡು ಕೊಟ್ಟರೆ ವಾರದಲ್ಲಿ ಲೇಖನ ಅಚ್ಚು ಹಾಕುವ ನಿಯತಕಾಲಿಕಗಳಿಂದ ದೂರವಿರಿ. ಯುಜಿಸಿ ಒಪ್ಪಿತ ನಿಯತಕಾಲಿಕಗಳ ತನ್ನ "ಕೇರ್" ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದೆ, "ಯುಜಿಸಿ ಮಾನ್ಯತೆ" ಎಂದು ಈಗಲೂ ಜಾಹೀರಾತು ಹಾಕುವವರನ್ನು ನಂಬಬೇಡಿ. ಹಳೆಯ ಪುಸ್ತಕ ನೋಡಿ ಬರೆಯುವಾಗಲೂ ಎಚ್ಚರ: 1946ರ ವಿದೇಶಿಯರ ಕಾಯ್ದೆ ಈಗ ಜಾರಿಯಲ್ಲಿಲ್ಲ, ಅದರ ಜಾಗಕ್ಕೆ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ.

ಹಂತ 7: ಹೊರದೇಶ

ಆಕ್ಸ್‌ಫರ್ಡ್‌ನ ನಿರಾಶ್ರಿತರ ಅಧ್ಯಯನ ಕೇಂದ್ರ 1982ರಿಂದ ಇದೆ, ಅಲ್ಲಿನ ಸ್ನಾತಕೋತ್ತರ ಕೋರ್ಸು ಒಂಬತ್ತು ತಿಂಗಳದ್ದು. ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದಲ್ಲೂ ಇಂಥ ಕೇಂದ್ರವಿದೆ. ಲಂಡನ್ ವಿಶ್ವವಿದ್ಯಾಲಯದ ಇದೇ ವಿಷಯದ ದೂರಶಿಕ್ಷಣದ ಎಂ.ಎ.ಯನ್ನು ಊರಲ್ಲಿದ್ದೇ ಓದಬಹುದು. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದಷ್ಟು ಕೆಲಸದ ಅನುಭವ ಬೇಕು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿಕೂಲಿ ಕುಟುಂಬಗಳ ಮಕ್ಕಳಿಗಿದೆ. ಆದರೆ 2022ರಲ್ಲಿ ಅದಕ್ಕೊಂದು ಷರತ್ತು ಸೇರಿತು: ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಕುರಿತ ಸಂಶೋಧನಾ ವಿಷಯಗಳಿಗೆ ಅದು ಸಿಗುವುದಿಲ್ಲ. ಗುಳೆಯ ಮೇಲೆ ಪಿಎಚ್.ಡಿ. ಮಾಡಲು ಹೊರಟ ಕೂಲಿಕಾರರ ಮಗಳಿಗೆ ಅದೇ ಬಾಗಿಲು ಮುಚ್ಚಿದಂತಾಯಿತು. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಅರ್ಜಿ ಹಾಕುವ ಮುನ್ನ ಆ ವರ್ಷದ ಮಾರ್ಗಸೂಚಿಯನ್ನು ಪೂರ್ತಿ ಓದಿ.

ಹಂತ 8: ಕೆಲಸ ಮತ್ತು ನೀತಿ

ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಭಾರತದಲ್ಲಿ ದೆಹಲಿ ಮತ್ತು ಚೆನ್ನೈಯಲ್ಲಿ ಕಚೇರಿಗಳಿವೆ. ಹುದ್ದೆಗಳು ಕಡಿಮೆ. ಅದರ ಜೊತೆ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳು ಮತ್ತು ವಿಶ್ವಸಂಸ್ಥೆಯ ಸ್ವಯಂಸೇವಕ ಹುದ್ದೆಗಳ ಮೂಲಕ ಒಳಹೋಗುವುದು ಹೆಚ್ಚು ವಾಸ್ತವದ ದಾರಿ. 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮ ಅಧ್ಯಯನವನ್ನು ಕಡ್ಡಾಯ ಮಾಡಿದೆ, ಆರು ತಿಂಗಳೊಳಗೆ ಮುಗಿಯಬೇಕಾದ ಆ ಅಧ್ಯಯನಗಳಿಗೆ ಕ್ಷೇತ್ರ ಬಲ್ಲ ಸಂಶೋಧಕರು ಬೇಕು. ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಸರ್ಕಾರಿ ಯೋಜನೆಗಳ ಮೌಲ್ಯಮಾಪನವನ್ನು ಹೊರಗಿನ ಸಂಸ್ಥೆಗಳಿಗೆ ವಹಿಸುತ್ತದೆ, ಅಲ್ಲಿ ಸಂಶೋಧನಾ ಸಹಾಯಕರಾಗಿ ಅನುಭವ ಪಡೆಯಬಹುದು. ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ ಯುಜಿಸಿ ಶ್ರೇಣಿಯಲ್ಲಿ 57,700ರಿಂದ ಶುರು. ನೇಮಕಾತಿ ಮಾತ್ರ ವರ್ಷಗಟ್ಟಲೆ ತಡವಾಗುವುದುಂಟು. ಅಷ್ಟು ಕಾಲ ಅತಿಥಿ ಉಪನ್ಯಾಸಕರಾಗಿಯೇ ಕಳೆಯುವ ಬದಲು ಸಂಶೋಧನಾ ಯೋಜನೆಗಳಲ್ಲೂ ಕೈಯಿಟ್ಟಿರಿ.

ನೀತಿ ಟಿಪ್ಪಣಿ, ಅಂದರೆ ಅಧಿಕಾರಿಗಳಿಗಾಗಿ ಬರೆಯುವ ಸಂಶೋಧನೆಯ ಸಾರ, ಎರಡು ಪುಟ ಮೀರಬಾರದು. ಒಂದು ಸಂಗತಿ, ಒಂದು ಇಲಾಖೆ, ಒಂದು ಬೇಡಿಕೆ. "ಸರ್ಕಾರ ಗುಳೆ ತಡೆಯಬೇಕು" ಎಂದರೆ ಆ ಕಡತ ಎಲ್ಲಿಗೂ ಹೋಗುವುದಿಲ್ಲ. "ಲಿಂಗಸುಗೂರಿನ ಅಂಗನವಾಡಿಯಲ್ಲಿ ದಾಖಲಾದ ಮಗು ಬೆಂಗಳೂರಿನ ಶೆಡ್ಡಿನಲ್ಲಿರುವಾಗ ಹತ್ತಿರದ ಅಂಗನವಾಡಿಯಲ್ಲಿ ಆಹಾರ ಪಡೆಯಲು ಯಾವ ದಾಖಲೆ ಅಡ್ಡಿಯಾಗುತ್ತಿದೆ, ಅದನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಯಾವ ಆದೇಶ ಸರಿಪಡಿಸಬಲ್ಲದು" ಎಂದು ಬರೆದರೆ ಮೇಜಿನ ಮೇಲೆ ಕೂರುತ್ತದೆ. ಒಂದು ಪ್ರತಿ ಕಾರ್ಮಿಕ ಇಲಾಖೆಗೆ, ಒಂದು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಕನ್ನಡ ಪ್ರತಿಯನ್ನು ನೀವು ಸಮೀಕ್ಷೆ ಮಾಡಿದ ಊರಿನ ಗ್ರಾಮಸಭೆಯಲ್ಲಿ ಓದಿ ಹೇಳಿ. ಗುಳೆ ಹೋದವರು ಮರಳಿರುವ ಮಳೆಗಾಲದಲ್ಲೇ ಆ ಸಭೆ ನಡೆಯುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಂದಿಗೆ ಮುಂಚೆಯೇ ದಿನ ಗೊತ್ತು ಮಾಡಿಕೊಳ್ಳಿ.